ಮಂಡಗದ್ದೆ ಸಮೀಪ ಕಾರು–ಬೈಕ್ ಡಿಕ್ಕಿ: ಊರಿನವರು ರಾಜಿ ಮಾಡಿಸಿದ್ದಾರೆ, ಆದರೂ ಠಾಣೆಗೆ ಹೋಗಬೇಕೇ?

ಪ್ರಶ್ನೆ: ವಿನೋಬನಗರ ನಿವಾಸಿ, ಶಿವಮೊಗ್ಗ

ನಿನ್ನೆ ಸಂಜೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮರಳುವಾಗ, ಮಂಡಗದ್ದೆ ದಾಟಿದ ಮೇಲೆ ಸಿಗುವ ಒಂದು ತಿರುವಿನಲ್ಲಿ ನಮ್ಮ ಕಾರಿಗೂ ಒಂದು ಬೈಕಿಗೂ ಡಿಕ್ಕಿಯಾಯಿತು. ಕಾರನ್ನು ನನ್ನ ತಮ್ಮ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕುಳಿತಿದ್ದೆ. ಕಾರು ತಂದೆಯವರ ಹೆಸರಿನಲ್ಲಿದೆ. ಜಿಟಿಜಿಟಿ ಮಳೆ ಹಿಡಿದಿತ್ತು. ಎಡಗಡೆಯ ತೋಟದ ಮಣ್ಣುದಾರಿಯಿಂದ ಬೈಕ್ ಏಕಾಏಕಿ ಹೆದ್ದಾರಿಗೆ ಏರಿ ಬಂದಾಗ ತಮ್ಮ ಬ್ರೇಕ್ ಹಾಕಿದರೂ ಕಾರು ಜಾರಿಕೊಂಡು ಹೋಗಿ ಬೈಕಿನ ಹಿಂಬದಿಗೆ ತಗುಲಿತು. ಸವಾರರು ಬಲಗೈ ಊರಿ ರಸ್ತೆಗೆ ಬಿದ್ದರು. ಅವರು ಅಲ್ಲಿಯೇ ಸಮೀಪದ ಹಳ್ಳಿಯವರು, ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಈಗ ತೋಟಗಳಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಮಾಡುತ್ತಿದ್ದಾರೆ.

ನಾವೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಮೊಣಕೈ ತರಚಿತ್ತು, ಮಣಿಕಟ್ಟು ಊದಿಕೊಂಡಿತ್ತು. ವೈದ್ಯರು ಪಟ್ಟಿ ಕಟ್ಟಿ, ನೋವು ಇಳಿಯದಿದ್ದರೆ ಎಕ್ಸ್-ರೇ ತೆಗೆಸಿ ಎಂದರು. ಆಮೇಲೆ ಊರಿನ ಹಿರಿಯರು ಸೇರಿ, ನಾವು 8,000 ರೂಪಾಯಿ ಕೊಡುವುದೆಂದೂ ಇಬ್ಬರೂ ದೂರು ಕೊಡಬಾರದೆಂದೂ ತೀರ್ಮಾನಿಸಿದರು. ಒಂದು ಬಿಳಿ ಹಾಳೆಯಲ್ಲಿ ‘ಮುಂದೆ ಯಾವುದೇ ತಕರಾರು ಇರುವುದಿಲ್ಲ’ ಎಂದು ಬರೆದು ಸಹಿ ಹಾಕಿಸಿದ್ದಾರೆ. ಹಣ ಕೊಟ್ಟಾಗಿದೆ.

ಕಾರಿನ ಬಂಪರ್, ಒಂದು ಹೆಡ್‌ಲೈಟ್, ಬಾನೆಟ್ ಹಾಳಾಗಿವೆ, ರೇಡಿಯೇಟರ್‌ನಿಂದ ನೀರು ಸೋರುತ್ತಿದೆ. ಶಿವಮೊಗ್ಗದ ಗ್ಯಾರೇಜಿನವರು ಅರವತ್ತು ಸಾವಿರ ದಾಟಬಹುದು ಎನ್ನುತ್ತಿದ್ದಾರೆ. ವಿಮೆ ಚಾಲ್ತಿಯಲ್ಲಿದೆ. ನಮ್ಮ ಮನೆಯವರು ‘ರಾಜಿಯಾದ ಮೇಲೆ ಠಾಣೆಯ ಮೆಟ್ಟಿಲು ಹತ್ತಿ ಇಲ್ಲದ ಕೇಸು ಹಚ್ಚಿಕೊಳ್ಳುವುದೇಕೆ’ ಎಂದು ಕೇಳುತ್ತಾರೆ. ವಿಮೆಯ ಏಜೆಂಟರು ಠಾಣೆಯ ದಾಖಲೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಕಾನೂನು ಮತ್ತು ವಿಮೆಯ ವಿಷಯ ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ವಕೀಲ, ಶಿವಮೊಗ್ಗ

ಹೋಗಬೇಕು, ಅದೂ ಇಂದು ಸಂಜೆಯೊಳಗೆ. ಮೋಟಾರು ವಾಹನ ಕಾಯ್ದೆ, 1988ರ 134ನೇ ಕಲಮು ಚಾಲಕನ ಮೇಲೆ ಮೂರು ಹೊಣೆಗಳನ್ನು ಹೊರಿಸುತ್ತದೆ: ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಸಾಧ್ಯವಾದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಘಟನೆಯನ್ನು ತಿಳಿಸುವುದು, ಮತ್ತು ವಿಮಾ ಕಂಪನಿಗೆ ಲಿಖಿತವಾಗಿ ಮಾಹಿತಿ ಕೊಡುವುದು. ಮೊದಲನೆಯದನ್ನು ನೀವು ಚೆನ್ನಾಗಿಯೇ ಮಾಡಿದ್ದೀರಿ. ಉಳಿದ ಎರಡು ಬಾಕಿ ಇವೆ, ಊರಿನ ರಾಜಿಯಿಂದ ಅವು ಮನ್ನಾ ಆಗುವುದಿಲ್ಲ.

ನಿಮ್ಮ ಮನೆಯವರು ಗಮನಿಸದ ಇನ್ನೊಂದು ಸಂಗತಿಯಿದೆ. ರಸ್ತೆ ಅಪಘಾತದ ಗಾಯಾಳು ಸರ್ಕಾರಿ ಆಸ್ಪತ್ರೆಗೆ ಬಂದರೆ ವೈದ್ಯರು ಅದನ್ನು ಸಾಮಾನ್ಯವಾಗಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಕಾನೂನಿನ ತನಿಖೆಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಅಂದರೆ ಘಟನೆ ಪೊಲೀಸರ ಗಮನಕ್ಕೆ ಈಗಾಗಲೇ ಬಂದಿರಬಹುದು. ಆಸ್ಪತ್ರೆಯ ಕಾಗದ ಒಂದು ಕಡೆಯಿಂದ ಹೋಗಿ, ಚಾಲಕನ ಕಡೆಯಿಂದ ಏನೂ ಬರದೇ ಇದ್ದರೆ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ನಿಮ್ಮ ತಮ್ಮನೇ ತಿಳಿಸದೆ ಹೋದವನಾಗಿ ಕಾಣುತ್ತಾನೆ.

ಅರ್ಜಿಯನ್ನು ಅಪಘಾತ ನಡೆದ ಸ್ಥಳದ ಠಾಣೆಗೇ ಕೊಡುವುದು ಸೂಕ್ತ. ಒಂದು ಪುಟ ಸಾಕು: ದಿನಾಂಕ, ಸಮಯ, ಎರಡೂ ವಾಹನಗಳ ಸಂಖ್ಯೆ, ಬೈಕ್ ಯಾವ ಕಡೆಯಿಂದ ಬಂತು, ರಸ್ತೆಯ ಸ್ಥಿತಿ ಹೇಗಿತ್ತು, ಗಾಯಾಳುವನ್ನು ಯಾವ ಆಸ್ಪತ್ರೆಗೆ ಕರೆದೊಯ್ದಿರಿ, ಎಷ್ಟು ಹಣ ಕೊಟ್ಟಿರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಪಕ್ಕದ ದಾರಿಯಿಂದ ಮುಖ್ಯರಸ್ತೆಗೆ ಸೇರುವವರು ಮುಖ್ಯರಸ್ತೆಯ ವಾಹನಗಳಿಗೆ ದಾರಿ ಬಿಡಬೇಕೆಂಬ ನಿಯಮ ನಿಮ್ಮ ಪರವಾಗಿದೆ ನಿಜ. ಆದರೆ ಅರ್ಜಿಯಲ್ಲಿ ವಾದ ಹೂಡಬೇಡಿ, ನಡೆದದ್ದನ್ನು ಮಾತ್ರ ಹೇಳಿ. ಅರ್ಜಿ ಸ್ವೀಕರಿಸಿದ್ದಕ್ಕೆ ಸ್ವೀಕೃತಿಯನ್ನೋ ಹಿಂಬರಹವನ್ನೋ ತಪ್ಪದೇ ಪಡೆಯಿರಿ.

ಎಫ್‌ಐಆರ್ ಆದರೆ ಏನು ಎಂಬ ಭಯ ಇದ್ದೇ ಇರುತ್ತದೆ. 2024ರ ಜುಲೈ 1ರಿಂದ ಇಂಥ ಪ್ರಕರಣಗಳು ಭಾರತೀಯ ನ್ಯಾಯ ಸಂಹಿತೆಯ ಅಡಿಯಲ್ಲಿ ಬರುತ್ತವೆ. ಅಜಾಗರೂಕ ಚಾಲನೆಗೆ 281ನೇ ಕಲಮು, ಅದರಿಂದ ಗಾಯವಾಗಿದ್ದರೆ 125ನೇ ಕಲಮು ಅನ್ವಯಿಸುತ್ತದೆ. ಎರಡೂ ಜಾಮೀನು ಸಿಗುವ ಅಪರಾಧಗಳು. ಪೊಲೀಸರು ಸ್ಥಳ ಮಹಜರು ಮಾಡುತ್ತಾರೆ, ಮೋಟಾರು ವಾಹನ ನಿರೀಕ್ಷಕರು ಕಾರನ್ನೂ ಬೈಕನ್ನೂ ಪರೀಕ್ಷಿಸಿ ವರದಿ ಕೊಡುತ್ತಾರೆ. ತಪಾಸಣೆಯ ವಿಧಿಗಳು ಮುಗಿದ ಮೇಲೆ 24 ಗಂಟೆಯೊಳಗೆ ವಾಹನವನ್ನು ಹಿಂದಿರುಗಿಸಬೇಕೆಂದು ಕಾಯ್ದೆಯ 136ನೇ ಕಲಮು ಹೇಳುತ್ತದೆ. ವಾಸ್ತವದಲ್ಲಿ ಕೆಲವೊಮ್ಮೆ ತಡವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ತಪಾಸಣೆ ಆಗುವವರೆಗೆ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚದಿರಲಿ.

ಇನ್ನು ಆ ಬಿಳಿ ಹಾಳೆಯ ವಿಷಯ. ಅದು ಹಣ ಕೊಟ್ಟದ್ದಕ್ಕೆ ಪುರಾವೆಯೇ ಹೊರತು ಮತ್ತೇನೂ ಅಲ್ಲ. ಗಾಯಾಳು ನಾಳೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವುದನ್ನು ಅದು ತಡೆಯಲಾರದು. ಅಂಥ ಅರ್ಜಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಕಾಲಮಿತಿ ಜಾರಿಗೆ ಬಂದಿದೆ. ಆ ಮಿತಿಯ ಸಿಂಧುತ್ವವೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿರುವುದರಿಂದ ಅದನ್ನು ನೆಚ್ಚಿ ನೀವು ನಿಶ್ಚಿಂತರಾಗುವ ಹಾಗಿಲ್ಲ. ನ್ಯಾಯಮಂಡಳಿಯಲ್ಲಿ ಆದೇಶವಾಗುವ ಪರಿಹಾರವನ್ನು ಕೊಡಬೇಕಾದದ್ದು ನಿಮ್ಮ ವಿಮಾ ಕಂಪನಿ. ಗಾಯ ಅಥವಾ ಸಾವಿನ ಪ್ರಕರಣಗಳಲ್ಲಿ ಮೂರನೇ ವ್ಯಕ್ತಿಯ ವಿಮೆಗೆ ಮೊತ್ತದ ಮಿತಿಯೇ ಇಲ್ಲ. ಆದರೆ ಠಾಣೆಗೂ ಕಂಪನಿಗೂ ತಿಳಿಸದೆ, ಹಾಳೆಯ ಮೇಲೆ ತಪ್ಪೊಪ್ಪಿಕೊಂಡು ಸಹಿ ಮಾಡಿದ್ದರೆ, ‘ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು’ ಎಂಬ ಪಾಲಿಸಿಯ ಷರತ್ತನ್ನು ಅವರು ನಿಮ್ಮ ಮುಂದೆ ಹಿಡಿಯುತ್ತಾರೆ. ಹಾಳೆಯಲ್ಲಿ ನಿಜವಾಗಿ ಏನು ಬರೆದಿದೆ ಎಂಬುದನ್ನು ಇನ್ನೊಮ್ಮೆ ಓದಿ ತಿಳಿಸಿ.

ಉತ್ತರ 2: ಮೂಳೆ ಚಿಕಿತ್ಸಾ ವಿಭಾಗದ ಶುಶ್ರೂಷಕಿ

ಕಾನೂನಿನ ಮಾತನ್ನು ತಿಳಿದವರು ಹೇಳಿದ್ದಾರೆ. ನನಗೆ ಆ ಮಣಿಕಟ್ಟಿನ ಬಗ್ಗೆ ಕಳವಳವಿದೆ. ಅಂಗೈ ಊರಿ ಬಿದ್ದವರಲ್ಲಿ ಹೆಬ್ಬೆರಳಿನ ಬುಡದ ಹತ್ತಿರ ಇರುವ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಬಿರುಕು ಬಿಡುವುದು ಸಾಮಾನ್ಯ. ಈ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣಿಸದೇ ಹೋಗಬಹುದು. ಆದ್ದರಿಂದಲೇ ಅನುಮಾನವಿದ್ದರೆ ಕೈಯನ್ನು ಅಲುಗದಂತೆ ಕಟ್ಟಿ, ಹತ್ತರಿಂದ ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ಎಕ್ಸ್-ರೇ ತೆಗೆಯುತ್ತಾರೆ. ಆ ಮೂಳೆಗೆ ರಕ್ತಸಂಚಾರ ಕಡಿಮೆ. ಗಮನಿಸದೆ ಬಿಟ್ಟರೆ ಕೂಡಿಕೊಳ್ಳದೆ ಉಳಿದು, ಕೈಯ ಹಿಡಿತವೇ ಕುಂದುತ್ತದೆ. ಮರ ಹತ್ತಿ ಬದುಕುವವರಿಗೆ ಇದು ಸಣ್ಣ ಗಾಯವಲ್ಲ. ‘ನೋವು ಇಳಿಯದಿದ್ದರೆ’ ಎಂದು ಕಾಯದೆ ನಾಳೆಯೇ ಅವರನ್ನು ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗಕ್ಕೋ ತೀರ್ಥಹಳ್ಳಿಯ ಆಸ್ಪತ್ರೆಗೋ ಕರೆದೊಯ್ಯಿರಿ. ಅಲ್ಲಿಯವರೆಗೆ ಆ ಕೈಯಿಂದ ಭಾರ ಎತ್ತುವುದಾಗಲಿ ಮಣಿಕಟ್ಟನ್ನು ನೀವಿಸಿಕೊಳ್ಳುವುದಾಗಲಿ ಬೇಡ. ಎಣ್ಣೆ ಹಚ್ಚಿ ಎಳೆದು ಕೂರಿಸುವವರು ಊರೂರಿಗೂ ಇದ್ದಾರೆ, ಅದನ್ನಂತೂ ಖಂಡಿತ ತಡೆಯಿರಿ.

ಅವರು ಹೆಲ್ಮೆಟ್ ಧರಿಸಿದ್ದರೇ ಎಂದು ನೀವು ಬರೆದಿಲ್ಲ. ತಲೆಗೆ ಸ್ವಲ್ಪವಾದರೂ ಪೆಟ್ಟು ಬಿದ್ದಿದ್ದರೆ ಮನೆಯವರು ಎಚ್ಚರದಿಂದಿರಬೇಕು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಅಸಂಬದ್ಧ ಮಾತು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಬೇಕು. ಹಣದ ಚಿಂತೆಯಿದ್ದರೆ, ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದಕ್ಕೂ ಇದು ರಸ್ತೆ ಅಪಘಾತವೆಂದು ಪೊಲೀಸರು ದೃಢಪಡಿಸಬೇಕಾಗುತ್ತದೆ.

ಉತ್ತರ 3: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಪೇಟೆಯವರು ಊರಿನ ರಾಜಿಯನ್ನು ಮೋಸವೆಂಬಂತೆ ನೋಡುವುದನ್ನು ನಾನು ಒಪ್ಪುವುದಿಲ್ಲ. ಔಷಧಿ ಹೊಡೆಯುವ ಕಾಲದಲ್ಲಿ ಕೊನೆಗಾರರಿಗೆ ಬಿಡುವೆಂಬುದೇ ಇರುವುದಿಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಮರ ಏರದಿದ್ದರೆ ಬೆಳೆಗಾರನಿಗೆ ಕೊಳೆರೋಗ, ಕೊನೆಗಾರನಿಗೆ ಕೂಲಿನಷ್ಟ. ಅಂಥವನು ಠಾಣೆ, ಕೋರ್ಟು ಎಂದು ಅಲೆದರೆ ಪರಿಹಾರ ಬರುವಷ್ಟರಲ್ಲಿ ಅದರ ಅರ್ಧ ಓಡಾಟಕ್ಕೇ ಮುಗಿದಿರುತ್ತದೆ. ಸ್ಥಳದಲ್ಲಿಯೇ ಕೈಗೆ ಬಂದ ಎಂಟು ಸಾವಿರ ಆ ಮನೆಯ ಆ ವಾರದ ಅಕ್ಕಿಬೇಳೆ. ಹಿರಿಯರು ಮುಂದೆ ನಿಂತದ್ದರಿಂದಲೇ ಅಲ್ಲಿ ಕೂಗಾಟ, ಕಾರಿನ ಗಾಜು ಒಡೆಯುವುದು ಇತ್ಯಾದಿ ನಡೆಯದೆ ನೀವು ನೆಮ್ಮದಿಯಾಗಿ ಮನೆ ಸೇರಿದ್ದೀರಿ ಎಂಬುದನ್ನೂ ನೆನಪಿಡಿ.

ಆದರೆ ‘ಮುಂದೆ ಯಾವುದೇ ತಕರಾರು ಇರುವುದಿಲ್ಲ’ ಎಂದು ಬರೆಸಿದ್ದು ಸರಿಯಲ್ಲ. ಗಾಯ ಎಷ್ಟೆಂದು ವೈದ್ಯರಿಗೇ ಗೊತ್ತಾಗದ ಹೊತ್ತಿನಲ್ಲಿ ಹಿರಿಯರಿಗೆ ಹೇಗೆ ಗೊತ್ತಾಗಬೇಕು? ನನ್ನ ಸಲಹೆಯೇನೆಂದರೆ, ಠಾಣೆಗೆ ಹೋಗುವ ಮೊದಲು ಆ ಸವಾರರ ಮನೆಗೂ ಮುಂದೆ ನಿಂತ ಹಿರಿಯರಿಗೂ ಒಂದು ಮಾತು ತಿಳಿಸಿ. ‘ಇದು ನಿಮ್ಮ ಮೇಲಿನ ದೂರಲ್ಲ, ಕಾನೂನಿನ ಪ್ರಕಾರ ಕೊಡಲೇಬೇಕಾದ ಮಾಹಿತಿ, ನಿಮ್ಮ ಆಸ್ಪತ್ರೆಯ ಖರ್ಚಿಗೂ ಇದರಿಂದ ಅನುಕೂಲ’ ಎಂದು ನೇರವಾಗಿ ಹೇಳಿದರೆ ಯಾರೂ ಮುನಿಯುವುದಿಲ್ಲ. ಹೇಳದೆ ಹೋದರೆ ಮಾತ್ರ, ಹಣ ಕೊಟ್ಟು ಬೆನ್ನ ಹಿಂದೆ ಕೇಸು ಹಾಕಿದರು ಎಂಬ ಮಾತು ಊರಿಡೀ ಹಬ್ಬುತ್ತದೆ.

ಈ ರಸ್ತೆಯಲ್ಲಿ ಓಡಾಡುವ ಉಳಿದವರಿಗೂ ಒಂದು ವಿಷಯ ತಿಳಿದಿರಲಿ. ಕಾಡಿನ ನಡುವೆ ನಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲವೆಂದು ಕೈಚೆಲ್ಲಿ ಕೂರಬಾರದು. ಬೇರೆ ಕಂಪನಿಯ ಟವರ್ ಸಿಗುವಂತಿದ್ದರೆ 112ಕ್ಕೆ ಕರೆ ಹೋಗುತ್ತದೆ. ಯಾವುದೂ ಸಿಗದಿದ್ದರೆ ಮುಂದೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಡುವ ಹಳೆಯ ಕ್ರಮವೇ ಗತಿ.

ಉತ್ತರ 4: ನಿವೃತ್ತ ವಿಮಾ ಸರ್ವೇಯರ್, ಸಾಗರ

ಮೊದಲು ಆ ರೇಡಿಯೇಟರ್. ಕಾರನ್ನು ಗ್ಯಾರೇಜಿನ ಒಳಗೂ ಹೊರಗೂ ಓಡಿಸಬೇಡಿ, ಬೇರೆಡೆಗೆ ಸಾಗಿಸಬೇಕಾದರೆ ಎಳೆಸಿಕೊಂಡು ಹೋಗಿ. ಅಪಘಾತದಲ್ಲಿ ಜಖಂ ಆದ ವಾಹನವನ್ನು ದುರಸ್ತಿಗೆ ಮೊದಲೇ ಓಡಿಸಿ, ಅದರಿಂದ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕನದೇ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಪಘಾತದ ಪೆಟ್ಟಿಗಿಂತ ನೀರಿಲ್ಲದೆ ಓಡಿ ಸೀಜ್ ಆದ ಎಂಜಿನ್‌ನ ಬಿಲ್ಲೇ ದೊಡ್ಡದಾಗುತ್ತದೆ, ಮತ್ತು ಆ ಬಿಲ್ಲಿಗೆ ಕಂಪನಿ ಹಣ ಕೊಡುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಕಾರು ಎಳೆಸುವ ವೆಚ್ಚಕ್ಕೆ ಸಿಗುವುದು 1,500 ರೂಪಾಯಿ ಮಾತ್ರ. ಆಗುಂಬೆಯಂಥ ಕಡೆಯಿಂದ ಶಿವಮೊಗ್ಗಕ್ಕೆ ಕಾರು ಎಳೆಸಿದವರಿಗೆ ಅದು ಯಾವ ಮೂಲೆಗೆಂದು ಗೊತ್ತಿದೆ. ರಸ್ತೆಬದಿ ಸಹಾಯದ ಹೆಚ್ಚುವರಿ ರಕ್ಷೆ ಇದೆಯೇ ನೋಡಿಕೊಳ್ಳಿ.

ಕಂಪನಿಗೆ ಇಂದೇ ತಿಳಿಸಿ, ಕರೆ ಮಾಡಿದ ಮೇಲೆ ಇಮೇಲ್ ಕೂಡ ಕಳುಹಿಸಿ. ಪಾಲಿಸಿ ಸಂಖ್ಯೆ ಮತ್ತು ಅವಧಿ, ಅಪಘಾತದ ದಿನ, ಸಮಯ, ಸ್ಥಳ, ಗಾಯಾಳುವಿನ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸ್ ವಿವರ ಅದರಲ್ಲಿರಬೇಕು. ಕೇವಲ ಬಂಪರ್ ಒಡೆದ ಪ್ರಕರಣವಾಗಿದ್ದರೆ ಠಾಣೆಯ ಕಾಗದವಿಲ್ಲದೆಯೂ ಕ್ಲೇಮು ಸಾಗುತ್ತದೆ. ಮನುಷ್ಯನಿಗೆ ಗಾಯವಾಗಿರುವಾಗ ಸರ್ವೇಯರ್ ಕೇಳುವ ಮೊದಲ ಕಾಗದವೇ ಅದು. 50,000 ರೂಪಾಯಿಗಿಂತ ಹೆಚ್ಚಿನ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರ್ ನೋಡಿಯೇ ಅಂದಾಜಿಸಬೇಕು. ನಿಮ್ಮದು ಆ ವರ್ಗಕ್ಕೆ ಸೇರುತ್ತದೆ.

ಗ್ಯಾರೇಜಿನವರು ಹೇಳಿದ ಅರವತ್ತು ಸಾವಿರವೂ ಕೈಗೆ ಬರುತ್ತದೆಂದು ಭಾವಿಸಬೇಡಿ. ‘ಜೀರೋ ಡೆಪ್’ (ಬಿಡಿಭಾಗಗಳ ಸವಕಳಿ ಕಡಿತ ಮಾಡದ ಹೆಚ್ಚುವರಿ ರಕ್ಷೆ) ಇಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ, ಬಾನೆಟ್ಟಿನಂಥ ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಲೆಕ್ಕ. ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ ಶೇ 25, ಐದರಿಂದ ಹತ್ತು ವರ್ಷದೊಳಗಿದ್ದರೆ ಶೇ 40. ಇದರ ಮೇಲೆ 1,500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತ. ಈಗಿನ ಹೆಡ್‌ಲೈಟ್, ಬಂಪರ್ ಎಲ್ಲವೂ ಪ್ಲಾಸ್ಟಿಕ್ಕೇ ಆಗಿರುವುದರಿಂದ ಕಡಿತ ದೊಡ್ಡದಾಗಿಯೇ ಇರುತ್ತದೆ. ಐದು ವರ್ಷ ಕ್ಲೇಮು ಮಾಡದೆ ಶೇ 50ರ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಳಿಸಿದ್ದರೆ ಅದೂ ಹೋಗುತ್ತದೆ. ಎರಡನ್ನೂ ಎದುರುಬದುರಿಟ್ಟು ಲೆಕ್ಕ ಹಾಕಿ, ಕಾರಿನ ದುರಸ್ತಿಗೆ ಕ್ಲೇಮು ಮಾಡುವುದೋ ಬಿಡುವುದೋ ಆಮೇಲೆ ತೀರ್ಮಾನಿಸಬಹುದು. ಮಾಹಿತಿ ಕೊಡುವುದನ್ನು ಮಾತ್ರ ಆ ಲೆಕ್ಕಕ್ಕಾಗಿ ತಡಮಾಡಬೇಡಿ.

ಸಾಧ್ಯವಾದರೆ ಇಂದೇ ಸ್ಥಳದ ಚಿತ್ರ ತೆಗೆಯಿರಿ. ಟೈರಿನ ಗುರುತನ್ನು ಮಳೆ ತೊಳೆದಿರುತ್ತದೆ, ಆದರೆ ತೋಟದ ದಾರಿ ಹೆದ್ದಾರಿಗೆ ಸೇರುವ ಜಾಗ, ಅಲ್ಲಿ ಬೆಳೆದ ಪೊದೆಗಳಿಂದ ಎರಡೂ ಕಡೆಯವರಿಗೆ ದೃಷ್ಟಿ ಎಲ್ಲಿ ಮರೆಯಾಗುತ್ತದೆ ಎಂಬುದು, ತಿರುವಿನ ಫಲಕ ಇದೆಯೋ ಇಲ್ಲವೋ ಎಂಬುದು ಇನ್ನೂ ಹಾಗೆಯೇ ಇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬೆಳೆಗಾರರು ಹೇಳಿದಂತೆ ಮೊದಲು ಸವಾರರ ಮನೆಗೆ ಫೋನ್ ಮಾಡಿ ತಿಳಿಸಿದೆವು, ಅವರು ಬೇಸರಪಟ್ಟುಕೊಳ್ಳಲಿಲ್ಲ. ನಾಳೆ ಬೆಳಿಗ್ಗೆ ನಾನೇ ಅವರನ್ನು ಮೆಗ್ಗಾನ್‌ಗೆ ಕರೆದೊಯ್ಯುತ್ತೇನೆ. ಹೆಲ್ಮೆಟ್ ಧರಿಸಿದ್ದರು, ತಲೆಗೆ ಪೆಟ್ಟಾಗಿಲ್ಲ. ಹಾಳೆಯನ್ನು ಮತ್ತೆ ಓದಿದೆ: ತಪ್ಪು ಯಾರದೆಂದು ಬರೆದಿಲ್ಲ, ‘ಚಿಕಿತ್ಸೆಯ ಸಲುವಾಗಿ’ ಎಂದಷ್ಟೇ ಇದೆ.

ಠಾಣೆಗೆ ಹೊರಡುವ ಮುನ್ನ ಎರಡು ಸಂದೇಹಗಳಿವೆ. ತಮ್ಮನಿಗೆ ಬೆಂಗಳೂರಿನಲ್ಲಿ ಕೆಲಸ, ಪದೇ ಪದೇ ಬಂದು ಹೋಗುವುದು ಕಷ್ಟ. ಲೈಸೆನ್ಸ್ ನನಗೂ ಇರುವುದರಿಂದ ಚಾಲಕನೆಂದು ನನ್ನ ಹೆಸರನ್ನೇ ಬರೆಸಿದರಾಯಿತು ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಎರಡನೆಯದಾಗಿ, ಸವಾರರ ಬಳಿ ಲೈಸೆನ್ಸ್ ಇರಲಿಲ್ಲವೆಂದು ಈಗ ಗೊತ್ತಾಗಿದೆ. ಇದರಿಂದ ನಮ್ಮ ಹೊಣೆ ಕಡಿಮೆಯಾಗುತ್ತದೆಯೇ?

ಉತ್ತರ 5: ವಕೀಲ, ಶಿವಮೊಗ್ಗ

ಮೊದಲನೆಯದಕ್ಕೆ ಉತ್ತರ: ಬೇಡವೇ ಬೇಡ. ಕಾರು ಯಾರು ಓಡಿಸುತ್ತಿದ್ದರೆಂಬುದನ್ನು ಸವಾರರು ನೋಡಿದ್ದಾರೆ, ಸೇರಿದ ಜನ ನೋಡಿದ್ದಾರೆ. ಚಾಲಕ ಯಾರೆಂದು ತಿಳಿಸುವಂತೆ ಮಾಲೀಕರಾದ ನಿಮ್ಮ ತಂದೆಯವರಿಗೆ 133ನೇ ಕಲಮಿನ ಅಡಿಯಲ್ಲಿ ನೋಟಿಸು ಬರುತ್ತದೆ. ಹೆಸರು ಬದಲಿಸಿದರೆ ನೀವು ಮೂವರೂ ಸುಳ್ಳು ಮಾಹಿತಿ ಕೊಟ್ಟವರಾಗುತ್ತೀರಿ, ವಿಮಾ ಕಂಪನಿಗೆ ಹೊಣೆ ಜಾರಿಸಿಕೊಳ್ಳಲು ಸುಲಭದ ದಾರಿಯನ್ನೂ ನೀವೇ ಮಾಡಿಕೊಟ್ಟಂತಾಗುತ್ತದೆ. ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿದ, ಕುಡಿಯದೆ ಓಡಿಸಿದ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಚಾಲಕನನ್ನು ಮರೆಮಾಡಲು ಕಾರಣವೇ ಇಲ್ಲ. ಬೆಂಗಳೂರಿನಿಂದ ಬಂದು ಹೋಗುವುದು ತೊಂದರೆಯೇ, ಆದರೆ ಹೇಳಿಕೆಗೆ, ಜಾಮೀನಿಗೆ, ಸಮನ್ಸ್ ಬಂದಾಗ ಹಾಜರಾಗಲು ಅವರೇ ಬರಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು. ಓಡಾಟ ತಪ್ಪಿಸಲು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ ಎಂದು ಕೋರ್ಟಿನ ಆವರಣದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 281ನೇ ಕಲಮಿನ ದಂಡ 1,000 ರೂಪಾಯಿ ಮೀರುವುದಿಲ್ಲವಾದ್ದರಿಂದ ಆ ಸಲಹೆ ಅಗ್ಗವಾಗಿ ತೋರುತ್ತದೆ. ಆದರೆ ಆ ತಪ್ಪೊಪ್ಪಿಗೆ ಪರಿಹಾರದ ಪ್ರಕರಣದಲ್ಲಿ ನಿಮ್ಮ ವಿರುದ್ಧದ ಸಾಕ್ಷ್ಯವಾಗಿ ಬರುತ್ತದೆ. ಬೈಕ್ ಪಕ್ಕದ ದಾರಿಯಿಂದ ಏಕಾಏಕಿ ಬಂದದ್ದು ನಿಜವಾಗಿರುವಾಗ, ವಕೀಲರೊಡನೆ ಕುಳಿತು ಯೋಚಿಸದೆ ಹಾಗೆ ಮಾಡಬೇಡಿ.

ಎರಡನೆಯದು. ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿದ್ದಕ್ಕೆ ಸವಾರರ ಮೇಲೆ ಪ್ರತ್ಯೇಕ ಕ್ರಮ ಆಗಬಹುದು. ಆದರೆ ಲೈಸೆನ್ಸ್ ಇಲ್ಲದಿರುವುದೊಂದರಿಂದಲೇ ಅಪಘಾತದಲ್ಲಿ ಅವರ ಪಾಲಿನ ತಪ್ಪು ಇದೆಯೆಂದು ಹೇಳಲಾಗದೆಂದು ಸುಪ್ರೀಂ ಕೋರ್ಟ್ 2008ರಲ್ಲಿಯೇ ತೀರ್ಪು ನೀಡಿದೆ. ಹೆದ್ದಾರಿಗೆ ಅವರು ಹೇಗೆ ಏರಿದರು ಎಂಬುದು ಅವರ ಪಾಲಿನ ತಪ್ಪನ್ನು ನಿರ್ಧರಿಸುತ್ತದೆ. ಅದನ್ನು ಮಹಜರು ಮತ್ತು ಸ್ಥಳದ ನಕ್ಷೆ ಹೇಳಬೇಕು. ಆದ್ದರಿಂದ ಮಹಜರಿನ ವೇಳೆ ಇಬ್ಬರೂ ಸ್ಥಳದಲ್ಲಿರಿ, ತೋಟದ ದಾರಿ ನಕ್ಷೆಯಲ್ಲಿ ಗುರುತಾಗಿದೆಯೇ ನೋಡಿ.

ಶುಶ್ರೂಷಕಿಯವರ ಮಾತಿಗೆ ಕಾನೂನಿನ ಕಡೆಯಿಂದ ಒಂದು ಸೇರ್ಪಡೆಯಿದೆ. ಎಕ್ಸ್-ರೇಯಲ್ಲಿ ಬಿರುಕು ಕಂಡರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯವಾಗುತ್ತದೆ, ಪ್ರಕರಣಕ್ಕೆ ಅನ್ವಯಿಸುವ ಉಪಕಲಮೂ ಬದಲಾಗುತ್ತದೆ. ಪರಿಹಾರವನ್ನು ಲೆಕ್ಕ ಹಾಕುವಾಗ ವೈದ್ಯರು ಕೊಟ್ಟ ಶೇಕಡಾವಾರು ಅಂಗವೈಕಲ್ಯವನ್ನು ಮಾತ್ರವಲ್ಲದೆ, ಆ ಗಾಯದಿಂದ ಆ ವ್ಯಕ್ತಿಯ ನಿರ್ದಿಷ್ಟ ಕಸುಬಿನ ಗಳಿಕೆಗೆ ಎಷ್ಟು ಪೆಟ್ಟು ಬಿತ್ತೆಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಗುಮಾಸ್ತರೊಬ್ಬರಿಗೆ ಸಣ್ಣದೆನಿಸುವ ಮಣಿಕಟ್ಟಿನ ಊನ ಕೊನೆಗಾರರಿಗೆ ಮರ ಹತ್ತುವುದನ್ನೇ ನಿಲ್ಲಿಸಬಲ್ಲದು. ಅಂಥ ಮೊತ್ತವನ್ನು ನಿಮ್ಮ ತಂದೆಯವರು ಕೈಯಿಂದ ಕೊಡಲಾರರು, ಎಂಟು ಸಾವಿರಕ್ಕೆ ಸಹಿ ಮಾಡಿದ ಸವಾರರು ಅದನ್ನು ಬಿಟ್ಟುಕೊಡಲೂಬಾರದು. ಅದನ್ನು ಭರಿಸಲೆಂದೇ ವಿಮೆಯಿದೆ.

ಹಾಳೆಯಲ್ಲಿ ‘ಚಿಕಿತ್ಸೆಯ ಸಲುವಾಗಿ’ ಎಂದು ಮಾತ್ರ ಇರುವುದು ನಿಮಗೆ ಅನುಕೂಲವೇ. ಅದರ ನಕಲನ್ನು ಅರ್ಜಿಗೆ ಲಗತ್ತಿಸಿ, ಮೂಲಪ್ರತಿಯನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಮತ್ತು ತಮ್ಮನ ಲೈಸೆನ್ಸಿನ ನಕಲುಗಳನ್ನೂ ಜೊತೆಗಿರಿಸಿ ಈಗಲೇ ಹೊರಡಿ. ತಮ್ಮ ಇನ್ನೂ ಊರಿನಲ್ಲಿಯೇ ಇದ್ದರೆ ಇಂದಿನ ರಾತ್ರಿಯ ಬಸ್ಸಿಗೆ ಹತ್ತಿಸಬೇಡಿ.